ಭೀಮನ ಅಮಾವಾಸ್ಯೆಯೊಳಗೆ ಸೂರಿನ ಕೆಲಸ ಮುಗಿಯಬೇಕು: ಶಾಲೆಯ ಚಟುವಟಿಕೆ ಕೊಠಡಿಗಾಗಿ ಮನವಿ

ಮಾನ್ಯ ಹಳೆಯ ವಿದ್ಯಾರ್ಥಿಗಳೇ, ಪೋಷಕರೇ, ಬಡಾವಣೆಯ ಬಂಧುಗಳೇ,

ನಮಸ್ಕಾರ. ಕೃತ್ತಿಕೆ ಮಳೆಗೆ ನಮ್ಮ ಸರ್ಕಾರಿ ಪ್ರೌಢಶಾಲೆಯ ಹೆಂಚಿನ ಕೊಠಡಿ ಸೋರಿದ ಸುದ್ದಿ ನಿಮ್ಮಲ್ಲಿ ಬಹಳ ಜನಕ್ಕೆ ಮುಟ್ಟಿದೆ. ನಿಮ್ಮ ಕಾಲಕ್ಕೆ ಅಲ್ಲಿ ಎಂಟನೇ ತರಗತಿ ಕೂರುತ್ತಿತ್ತು. ಈಗ ಡೊಳ್ಳು, ಬ್ಯಾಂಡ್‌ಸೆಟ್, ಕಬಡ್ಡಿ ಮ್ಯಾಟು, ಪ್ರತಿಭಾ ಕಾರಂಜಿಯ ಬಟ್ಟೆಬರೆ ಎಲ್ಲಕ್ಕೂ ಅದೇ ಉಗ್ರಾಣ, ಸಂಜೆ ನಾಲ್ಕೂವರೆಯ ಮೇಲೆ ಅಭ್ಯಾಸಕ್ಕೂ ಅದೇ ಜಾಗ. ಒಂದೇ ರಾತ್ರಿಯ ಮಳೆಗೆ ಪಾದ ಮುಳುಗುವಷ್ಟು ನೀರು ನಿಂತಿತ್ತು.

ನಮ್ಮ ಶಾಲೆಯ ಮಕ್ಕಳು ಎಂಥವರೆಂದು ನಿಮಗೆ ಹೇಳಬೇಕಾಗಿಲ್ಲ, ಆದರೂ ಹೇಳದೆ ಇರಲಾಗುತ್ತಿಲ್ಲ. ಪ್ರತಿಭಾ ಕಾರಂಜಿಯಲ್ಲಿ ಕ್ಲಸ್ಟರ್, ತಾಲ್ಲೂಕು, ಜಿಲ್ಲೆ ಎಂದು ಒಂದೊಂದೇ ಮೆಟ್ಟಿಲು ಹತ್ತಬೇಕು. ನಮ್ಮ ಕಂಸಾಳೆ ತಂಡ ಮೊದಲ ಮೆಟ್ಟಿಲಲ್ಲೇ ನಿಂತ ವರ್ಷ ಕಡಿಮೆ. ಎಡಗೈಯಲ್ಲಿ ಬಟ್ಟಲು, ಬಲಗೈಯಲ್ಲಿ ಕುಚ್ಚು ಕಟ್ಟಿದ ತಟ್ಟೆ. ತಟ್ಟೆಯನ್ನು ಬೀಸಿ ಬಟ್ಟಲಿನ ಅಂಚಿಗೆ ತಾಗಿಸುವಾಗ ದಾರದ ಅಳತೆ ಒಂದು ಬೆರಳು ಹೆಚ್ಚಾದರೂ ಪೆಟ್ಟು ಮಣಿಕಟ್ಟಿಗೆ ಬೀಳುತ್ತದೆ. ಇದನ್ನು ಕಲಿಯಲು ಎಂಟನೇ ತರಗತಿಯ ಮಗುವಿಗೆ ಮೂರು ತಿಂಗಳಾದರೂ ಬೇಕು. ಖೋಖೋದಲ್ಲಿ ನಮ್ಮ ಹುಡುಗಿಯರ ಮಾತೇ ಬೇರೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋಖೋ ವಿಶ್ವಕಪ್ ಗೆದ್ದ ಭಾರತದ ಮಹಿಳಾ ತಂಡದಲ್ಲಿ ನಮ್ಮದೇ ಮೈಸೂರು ಜಿಲ್ಲೆಯ ಕುರುಬೂರಿನ ಬಿ. ಚೈತ್ರ ಆಡಿದ ಮೇಲಂತೂ, ಹೆಣ್ಣುಮಕ್ಕಳನ್ನು ಸಂಜೆ ಮೈದಾನಕ್ಕೆ ಕಳಿಸಿ ಎಂದು ಮನೆಮನೆಗೆ ಹೋಗಿ ಕೇಳುವ ಕೆಲಸ ಅರ್ಧಕ್ಕರ್ಧ ತಪ್ಪಿದೆ.

ಈ ಮಕ್ಕಳಲ್ಲಿ ಹೆಚ್ಚಿನವರು ಗಾರ್ಮೆಂಟ್ಸ್‌ಗೆ, ಕಟ್ಟಡ ಕೆಲಸಕ್ಕೆ, ಹೆಬ್ಬಾಳ–ಹೂಟಗಳ್ಳಿ ಕಡೆಯ ಕಾರ್ಖಾನೆಗಳಿಗೆ ಹೋಗುವವರ ಮನೆಯವರು. ಮಧ್ಯಾಹ್ನದ ಬಿಸಿಯೂಟವಾದ ಮೇಲೆ ರಾತ್ರಿ ಅಮ್ಮ ಬರುವವರೆಗೆ ಹೊಟ್ಟೆಗೆ ಏನೂ ಬೀಳುವುದಿಲ್ಲ. ಬರಿ ಹೊಟ್ಟೆಯಲ್ಲಿ ಒಂದು ಗಂಟೆ ಓಡಿದ ಮಗು ಕೂತಲ್ಲೇ ತಲೆಸುತ್ತು ಎನ್ನುತ್ತದೆ. ಅದಕ್ಕೇ ಅಭ್ಯಾಸದ ದಿನ ಒಂದು ಬಾಳೆಹಣ್ಣು, ಒಂದು ಕಡಲೆಮಿಠಾಯಿ ಕೊಡುತ್ತಾ ಬಂದಿದ್ದೇವೆ.

ಈಗ ಸೂರಿನ ವಿಚಾರ. ಹೆಂಚಿನ ಕೊಠಡಿಯ ಪಕ್ಕಕ್ಕೆ ಆಮೇಲೆ ಆರ್‌ಸಿಸಿ ಕೊಠಡಿ ಎದ್ದಿತಲ್ಲ, ಕೆಡುಕಿನ ಮೂಲ ಅಲ್ಲೇ. ಹೆಂಚಿನ ಇಳಿಜಾರು ಹೋಗಿ ಹೊಸ ಗೋಡೆಗೆ ಮುಟ್ಟುತ್ತದೆ. ನಡುವೆ ಮಳೆನೀರು ಹರಿದುಹೋಗಲು 40 ಅಡಿ ಉದ್ದದ ತಗಡಿನ ದೋಣಿ ಇದೆ. ಮೇಲೆ ಉದುರುವ ಮಳೆಮರದ ಎಲೆ ಸಣ್ಣದು, ದೋಣಿಯ ತೂಬಿನಲ್ಲಿ ಕೂತರೆ ಗೊಜ್ಜಿನ ಹಾಗೆ ಹೆಪ್ಪುಗಟ್ಟುತ್ತದೆ. ಹಿಮ್ಮೆಟ್ಟಿದ ನೀರು ಹೆಂಚಿನ ಅಡಿಗೆ ನುಗ್ಗಿ, ಹೆಂಚು ಕೂರುವ ಮರದ ರೀಪರ್ ಪಟ್ಟಿಗೆ ಇಳಿಯುತ್ತದೆ. ಹಿಂದೊಮ್ಮೆ ದೋಣಿಯ ತೂತಿಗೆ ಸಿಮೆಂಟು ಮೆತ್ತಿಸಿದ್ದೆವು. ಅದು ನಮ್ಮದೇ ತಪ್ಪು. ತಗಡು ಬಿಸಿಲಿಗೆ ಹಿಗ್ಗುತ್ತದೆ, ಸಿಮೆಂಟು ಅದರಷ್ಟು ಹಿಗ್ಗುವುದಿಲ್ಲ. ಬಿರುಕಿನಲ್ಲಿ ಸೇರಿದ ನೀರು ಹೊರಗೆ ಬರಲಾರದೆ ಅಡಿಯಿಂದಲೇ ತಗಡನ್ನು ತಿಂದುಹಾಕಿತು. ಈಗ ಗೋಡೆ ಬದಿಯ ಆರು ಸಾಲು ರೀಪರ್ ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತದೆ, ಮೇಲಿನ ಹೆಂಚು ಜಾರಿದೆ.

ಆಗಬೇಕಾದ್ದು ಇಷ್ಟು. ಹಳೆಯ ದೋಣಿ ಕಿತ್ತು, ಅಗಲ ಹೆಚ್ಚಿಸಿ ಹೊಸ ತಗಡು ಕೂರಿಸಬೇಕು. ತಗಡಿನ ಒಂದು ಅಂಚು ಗೋಡೆಯಲ್ಲಿ ಗಾಡಿ (ಉದ್ದನೆಯ ತೋಡು) ಹೊಡೆದು ಒಳಗೆ ಸೇರಬೇಕು, ಇನ್ನೊಂದು ಹೆಂಚಿನ ಅಡಿಗೆ ಒಂದಡಿಯಷ್ಟು ಹೋಗಬೇಕು. ತೂಬು ಒಂದಿದ್ದಲ್ಲಿ ಎರಡಾಗಬೇಕು, ಬಾಯಿಗೆ ಜಾಲರಿ ಬೇಕು. ರೀಪರ್‌ಗಳನ್ನು ಹನ್ನೆರಡೂವರೆ ಇಂಚಿನ ಅಂತರಕ್ಕೆ ಹೊಸದಾಗಿ ಹೊಡೆಯಬೇಕು. ಸುಮಾರು 400 ಹೆಂಚು, ನೆತ್ತಿಯ ಮೇಲೆ ಕೂರುವ 35 ಹೆಂಚು ಬದಲಾಗಬೇಕು. ಉಳಿದವನ್ನು ಕೈಯಾಡಿಸಿದರೆ, ಅಂದರೆ ತೆಗೆದು ಮತ್ತೆ ಜೋಡಿಸಿದರೆ, ಸಾಕು. ಎಲ್ಲ ತೆಗೆದು ತಗಡಿನ ಶೀಟು ಹೊದಿಸಿ, ಅಗ್ಗವಾಗುತ್ತೆ ಎಂದು ಹೇಳಿದವರೂ ಇದ್ದಾರೆ. ಮಳೆ ಹೊಯ್ಯುವಾಗ ಶೀಟಿನ ಕೆಳಗೆ ಕಂಠಪಾಠ ಒಪ್ಪಿಸುವ ಮಗುವಿನ ದನಿ ಯಾರಿಗೆ ಕೇಳೀತು? ಏಪ್ರಿಲ್ ಬಿಸಿಲಿಗಂತೂ ಒಳಗೆ ಕಾಲಿಡಲಾಗದು. ಶಾಲಾಭಿವೃದ್ಧಿ ಸಮಿತಿ ಒಪ್ಪಲಿಲ್ಲ.

ಒಳಗಿದ್ದ ಸಾಮಾನಿನ ಕತೆ: ಹುಡುಗಿಯರ ಕಬಡ್ಡಿ ಅಂಕಣ 12 ಮೀಟರ್ ಉದ್ದ, 8 ಮೀಟರ್ ಅಗಲ. ಒಂದು ಮೀಟರ್ ಚೌಕದ ಮ್ಯಾಟು 96 ಬೇಕು. ಈ ಮ್ಯಾಟು ನೀರು ಕುಡಿಯುವುದಿಲ್ಲ, ನಿಜ. ಆದರೆ ಒದ್ದೆಯಲ್ಲೇ ಪೇರಿಸಿಟ್ಟಿದ್ದರಿಂದ ಸಂದಿಯಲ್ಲಿ ಬೂಷ್ಟು ಹಿಡಿಯಿತು, ಅಡಿಯ ಮೂವತ್ತರ ಹಲ್ಲು ಭಾರಕ್ಕೆ ಬಾಗಿ ಒಂದನ್ನೊಂದು ಕಚ್ಚುತ್ತಿಲ್ಲ. ಬೂಷ್ಟು ತೊಳೆದೆವು, ಹಲ್ಲು ನೆಟ್ಟಗಾಗಲಿಲ್ಲ. ಆ ಸಂದಿಗೆ ರೇಡ್ ಮಾಡುವವಳ ಕಾಲ್ಬೆರಳು ಸಿಕ್ಕಿದರೆ ಉಳುಕು ಗ್ಯಾರಂಟಿ. ಆರು ಡೊಳ್ಳುಗಳಲ್ಲಿ ನಾಲ್ಕರ ಚರ್ಮ ನೆನೆದು ಜೋತಿತ್ತು. ಹಗ್ಗ ಸಡಿಲಿಸಿ ನೆರಳಲ್ಲಿ ಒಣಗಿಸಬೇಕಿತ್ತು, ಗಡಿಬಿಡಿಯಲ್ಲಿ ಬಿಸಿಲಿಗಿಟ್ಟದ್ದರಿಂದ ಅಂಚಿನಲ್ಲೇ ಸೀಳಿವೆ. ಕಂಸಾಳೆ ಮಾತ್ರ ಕಂಚಿನದು, ಹುಣಸೆಹಣ್ಣು ಹಾಕಿ ಉಜ್ಜಿದರೆ ಫಳಫಳ. ಅದಕ್ಕೆ ದೇಣಿಗೆ ಬೇಡ.

ಅಂದಾಜು ಖರ್ಚು: ಸೂರಿಗೆ 1,80,000, ಮ್ಯಾಟಿಗೆ 40,000, ಡೊಳ್ಳಿನ ಚರ್ಮ, ಹಗ್ಗ, ಕೂಲಿ ಸೇರಿ 20,000. ಅಭ್ಯಾಸಕ್ಕೆ ಬರುವ 24 ಮಕ್ಕಳಿಗೆ 45 ದಿನ, ತಲೆಗೆ 12 ರೂಪಾಯಿಯಂತೆ ಹಣ್ಣು–ಮಿಠಾಯಿಗೆ ಹದಿಮೂರು ಸಾವಿರ. ಒಟ್ಟು ಎರಡೂವರೆ ಲಕ್ಷದ ಆಸುಪಾಸು. ಶಿಕ್ಷಕರೂ ಪೋಷಕರೂ ಸೇರಿ 60,000 ಕೂಡಿಸಿದ್ದೇವೆ. ಇಲಾಖೆಗೂ ಅರ್ಜಿ ಹೋಗಿದೆ. ಆದರೆ ತರಗತಿ ಕೊಠಡಿಗಳ ಸರದಿ ಮುಗಿದ ಮೇಲೆ ತಾನೇ ಉಗ್ರಾಣದ್ದು.

ಕಾಯಲು ಸಮಯವಿಲ್ಲ. ನಮ್ಮ ಕಡೆ ಜೂನ್–ಜುಲೈನಲ್ಲಿ ಜಿಟಿಜಿಟಿ ಮಳೆ, ದಪ್ಪ ಹನಿ ಮತ್ತೆ ಬೀಳುವುದು ಹಸ್ತ–ಚಿತ್ತೆಯಲ್ಲಿ. ಈಗ ಬಿಡುವು ನೋಡಿಕೊಂಡು ಹೆಂಚು ಇಳಿಸಬಹುದು. ಆಷಾಢದಲ್ಲಿ ಗುದ್ದಲಿ ಪೂಜೆ, ಗೃಹಪ್ರವೇಶ ಇಲ್ಲವಾದ್ದರಿಂದ ಮೇಸ್ತ್ರಿ, ಬಡಗಿ ಇಬ್ಬರೂ ಕೈಗೆ ಸಿಗುತ್ತಾರೆ. ಶ್ರಾವಣ ಹುಟ್ಟಿತೆಂದರೆ ಫೋನ್ ಎತ್ತುವುದೂ ಅನುಮಾನ. ಆಗಸ್ಟ್‌ನಲ್ಲಿ ವಲಯ ಮಟ್ಟದ ಕ್ರೀಡಾಕೂಟ ಬೇರೆ.

ಹಣ ಕೊಡುವವರು ಮುಖ್ಯ ಶಿಕ್ಷಕರು ಮತ್ತು ಸಮಿತಿಯ ಅಧ್ಯಕ್ಷರ ಜಂಟಿ ಖಾತೆಗೇ ಹಾಕಿ, ವಿವರ ಶಾಲೆಯ ಕಚೇರಿಯಲ್ಲಿ ಸಿಗುತ್ತದೆ. ನಗದು ಕೊಟ್ಟರೆ ರಸೀದಿ ಕೇಳಿ ಪಡೆಯಿರಿ. ಹಳೆಯ ಮನೆ ಕೆಡವುತ್ತಿರುವವರು ಹೆಂಚನ್ನೇ ಕೊಡಬಹುದು. ಒಂದೇ ಮಾತು: ಬೆನ್ನ ಮೇಲೆ ಅಚ್ಚಾಗಿರುವ ಕಾರ್ಖಾನೆಯ ಹೆಸರು ನಮ್ಮ ಹೆಂಚಿನದಕ್ಕೆ ಹೊಂದಬೇಕು. ಕಾರ್ಖಾನೆ ಬೇರೆಯಾದರೆ ಗಾಡಿಯ ಅಳತೆ ಕೂಡುವುದಿಲ್ಲ, ಮತ್ತೆ ಸೋರುತ್ತದೆ. ಮಾದರಿಗೆ ಒಂದು ಹೆಂಚನ್ನು ಕಚೇರಿಯ ಬಾಗಿಲಲ್ಲೇ ಇಟ್ಟಿದ್ದೇವೆ. ತರುವ ಮುಂಚೆ ಬೆರಳಿನಿಂದ ತಟ್ಟಿ ನೋಡಿ, ಕಣ್ ಎಂದು ನಾದ ಬಂದದ್ದು ಗಟ್ಟಿ, ಬೊದ್ದು ಶಬ್ದ ಬಂದದ್ದು ಬಿರುಕು ಬಿಟ್ಟದ್ದು.

ಇಂತಿ ನಿಮ್ಮ,
ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಹಾಗೂ ಹಳೆಯ ವಿದ್ಯಾರ್ಥಿಗಳ ಬಳಗ