ಇಸಿಯು ರೀಮ್ಯಾಪ್: ಎಮಿಷನ್ ಟೆಸ್ಟ್ ಕಣ್ಣಿಗೆ ಬೀಳದ ಅಪಾಯ

ಮಾನ್ಯ ಸಂಪಾದಕರೇ,

ಕಾರಿನ ಪಿಕಪ್ಪೂ ಹೆಚ್ಚುತ್ತದೆ, ಮೈಲೇಜೂ ಹೆಚ್ಚುತ್ತದೆ ಎಂದು ಹೇಳಿ, ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್ ಆದ ಇಸಿಯುವಿನ ತಂತ್ರಾಂಶವನ್ನು ಬದಲಿಸಿಕೊಡುವ ‘ರೀಮ್ಯಾಪ್’ ವ್ಯಾಪಾರ ಬೆಂಗಳೂರನ್ನು ದಾಟಿ ಜಿಲ್ಲಾ ಕೇಂದ್ರಗಳಿಗೂ ಬಂದಿದೆ. ಇಪ್ಪತ್ತು ಮೂವತ್ತು ಸಾವಿರ ರೂಪಾಯಿ ಕೊಟ್ಟರೆ ಸ್ಟಿಯರಿಂಗ್ ಕೆಳಗಿನ ಸಾಕೆಟ್ಟಿಗೆ ಲ್ಯಾಪ್‌ಟಾಪ್ ಜೋಡಿಸಿ ಒಂದೆರಡು ಗಂಟೆಯಲ್ಲಿ ಕೆಲಸ ಮುಗಿಸುತ್ತಾರೆ. ಎಷ್ಟೋ ಸಲ ಬಾನೆಟ್ ತೆರೆಯುವ ಅಗತ್ಯವೂ ಬೀಳುವುದಿಲ್ಲ. ಹಾಸನದಲ್ಲಿ ಡೀಸೆಲ್ ಕಾರುಗಳ ರಿಪೇರಿ ಮಾಡಿಕೊಂಡಿರುವ ನನ್ನಂಥವರ ಬಳಿಗೆ ಇಂಥ ಕಾರುಗಳು ಬರುವುದು ಒಂದೆರಡು ವರ್ಷದ ಮೇಲೆ, ಅದೂ ಸಾಮಾನ್ಯವಾಗಿ ಏನೂ ಅರಿಯದ ಎರಡನೇ ಮಾಲೀಕರ ಕೈಯಲ್ಲಿ. ಆದ್ದರಿಂದ ಈ ಬಗ್ಗೆ ಸಾರಿಗೆ ಇಲಾಖೆಯ ಗಮನ ಸೆಳೆಯುವುದು ಅಗತ್ಯವೆಂದು ನನಗೆ ತೋರಿದೆ.

ಒಳಗೆ ಎಷ್ಟು ಗಾಳಿ ಬರುತ್ತಿದೆ, ಕೂಲೆಂಟ್ ಎಷ್ಟು ಬಿಸಿಯಾಗಿದೆ, ಆಕ್ಸಿಲರೇಟರನ್ನು ಎಷ್ಟು ಒತ್ತಲಾಗಿದೆ ಎಂಬುದನ್ನು ಸೆನ್ಸರ್‌ಗಳ ಮೂಲಕ ತಿಳಿದುಕೊಂಡು, ಯಾವ ಕ್ಷಣದಲ್ಲಿ ಎಷ್ಟು ಇಂಧನ ಸಿಂಪಡಿಸಬೇಕು, ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಎಷ್ಟು ಒತ್ತಡ ಕಟ್ಟಬೇಕು ಎಂಬುದನ್ನು ಇಸಿಯು ತನ್ನೊಳಗಿರುವ ಕೋಷ್ಟಕಗಳನ್ನು ನೋಡಿ ನಿರ್ಧರಿಸುತ್ತದೆ. ಈ ಕೋಷ್ಟಕಗಳಿಗೇ ಮ್ಯಾಪ್ ಎನ್ನುತ್ತಾರೆ. ಅವುಗಳ ಜೊತೆಗೆ ಮಿತಿಗಳೂ ಇರುತ್ತವೆ: ಇಷ್ಟು ಗಾಳಿಗೆ ಇಷ್ಟಕ್ಕಿಂತ ಹೆಚ್ಚು ಡೀಸೆಲ್ ಬೇಡ, ಈ ಗೇರಿನಲ್ಲಿ ಇಷ್ಟಕ್ಕಿಂತ ಹೆಚ್ಚು ಟಾರ್ಕ್ (ತಿರುಗಿಸುವ ಬಲ) ಬೇಡ, ಎಂಜಿನ್ ಇಷ್ಟು ಬಿಸಿಯಾದರೆ ಶಕ್ತಿಯನ್ನು ಇಳಿಸು. ರೀಮ್ಯಾಪ್ ಮಾಡುವವರು ಮುಖ್ಯವಾಗಿ ಕೈ ಹಾಕುವುದು ಈ ಮಿತಿಗಳಿಗೇ.

ಕಂಪನಿಯವರು ಬೇಕೆಂದೇ ಶಕ್ತಿಯನ್ನು ಅದುಮಿಟ್ಟಿರುತ್ತಾರೆ, ತಾವು ಅದನ್ನು ಬಿಡಿಸಿಕೊಡುತ್ತೇವೆ ಎಂಬುದು ಅವರ ಮಾಮೂಲಿ ಮಾತು. ಇದಕ್ಕೆ ಉದಾಹರಣೆಯಾಗಿ, ಒಂದೇ 1248 ಸಿಸಿ ಡೀಸೆಲ್ ಎಂಜಿನ್ ಸ್ವಿಫ್ಟ್‌ನಲ್ಲಿ 75 ಪಿಎಸ್ (ಅಶ್ವಶಕ್ತಿ) ಕೊಡುತ್ತಿದ್ದರೆ ಎರ್ಟಿಗಾದಲ್ಲಿ 90 ಪಿಎಸ್ ಕೊಡುತ್ತಿತ್ತಲ್ಲ ಎನ್ನುತ್ತಾರೆ. ಎರ್ಟಿಗಾಕ್ಕೆ ಹಾಕಿದ್ದ ಟರ್ಬೊವೇ ಬೇರೆ ಎಂಬುದನ್ನು ಮಾತ್ರ ಹೇಳುವುದಿಲ್ಲ. ಅದರ ಒಳಗಿನ ರೆಕ್ಕೆಗಳ ಕೋನ ಎಂಜಿನ್ನಿನ ವೇಗಕ್ಕೆ ತಕ್ಕಂತೆ ಬದಲಾಗುತ್ತದೆ, ಸ್ವಿಫ್ಟ್‌ನದು ಹಾಗಲ್ಲ. ಆ ಸರಳ ಟರ್ಬೊವನ್ನೇ ಇಟ್ಟುಕೊಂಡು ಬರೀ ತಂತ್ರಾಂಶದಿಂದ ಅದೇ ಶಕ್ತಿ ತೆಗೆಯಲು ಹೋದರೆ ಟರ್ಬೊ ತಾನು ತಡೆಯಬಲ್ಲ ವೇಗದ ಅಂಚಿನಲ್ಲಿಯೇ ತಿರುಗಬೇಕಾಗುತ್ತದೆ. ಸ್ಕೋಡಾ, ಫೋಕ್ಸ್‌ವ್ಯಾಗನ್ ಕಾರುಗಳ 1.5 ಲೀಟರ್ ಟಿಎಸ್‌ಐ ಟರ್ಬೊ ಪೆಟ್ರೋಲ್ ಎಂಜಿನ್ನಿನ ಟಾರ್ಕ್ 250 ನ್ಯೂಟನ್ ಮೀಟರ್. ಅದಕ್ಕೆ ಜೋಡಿಸಿರುವ ಏಳು ಗೇರಿನ ಡಿಎಸ್‌ಜಿ ಎಂಬ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ತಯಾರಾಗಿರುವುದೂ 250ಕ್ಕೇ. ಅದರ ಮೇಲೆ ಇನ್ನಷ್ಟು ಏರಿಸುವವರು ಎಂಜಿನ್ನಿನ ಲೆಕ್ಕವನ್ನಷ್ಟೇ ಹೇಳುತ್ತಾರೆ, ಕ್ಲಚ್ಚಿನ ಲೆಕ್ಕವನ್ನು ಗಿರಾಕಿಯೇ ಮುಂದೆ ತೆರಬೇಕು. ಶಕ್ತಿಯನ್ನು ಅಳೆಯುವ ಡೈನೊ ಯಂತ್ರದ ಮೇಲೆ ಕೆಲವೇ ಸೆಕೆಂಡುಗಳ ಓಟದಲ್ಲಿ ಇದ್ಯಾವುದೂ ಕಾಣುವುದಿಲ್ಲ; ಏಳು ಜನ ಕೂತು, ಎ.ಸಿ. ಹಾಕಿಕೊಂಡು, ಗುಂಡ್ಯದಿಂದ ಮಾರನಹಳ್ಳಿಗೆ ಶಿರಾಡಿ ಘಾಟಿ ಹತ್ತುವಾಗ ಕಾಣುತ್ತದೆ.

ಈಚೆಗೆ ಟೋ ಮಾಡಿಸಿಕೊಂಡು ನಮ್ಮಲ್ಲಿಗೆ ತಂದ ಒಂದು ಕಾರಿನ ಹೆಡ್ ಬಿಚ್ಚಿದಾಗ, ಒಂದು ಪಿಸ್ಟನ್ನಿನ ತಲೆಯ ಮೇಲಿನ ಗುಳಿಯ ಅಂಚು ಕರಗಿ ಹರಿದಿತ್ತು, ಅಲ್ಯೂಮಿನಿಯಂ ಹನಿಗಳು ವಾಲ್ವ್‌ಗೆ ಅಂಟಿಕೊಂಡಿದ್ದವು. ಇಷ್ಟೆಲ್ಲ ಆಗಿದ್ದರೂ ಸ್ಕ್ಯಾನರ್ ಹಾಕಿದರೆ ಒಂದೇ ಒಂದು ದೋಷದ ಕೋಡ್ ಇರಲಿಲ್ಲ. ರೀಮ್ಯಾಪ್ ಮಾಡಿದವರು ಶಕ್ತಿಯನ್ನು ಏರಿಸಿದ್ದಲ್ಲದೆ, ಮುಂದೆ ಚೆಕ್ ಎಂಜಿನ್ ಲೈಟ್ ಹತ್ತಿ ಗಿರಾಕಿ ತಕರಾರು ತೆಗೆಯಬಾರದೆಂದು ಆ ಕೋಡ್‌ಗಳನ್ನೇ ತಂತ್ರಾಂಶದಲ್ಲಿ ಮುಚ್ಚಿಬಿಟ್ಟಿದ್ದರು. ಕಾರನ್ನು ಸೆಕೆಂಡ್ ಹ್ಯಾಂಡ್ ಆಗಿ ಕೊಂಡಿದ್ದವರಿಗೆ ರೀಮ್ಯಾಪ್ ಎಂಬ ಪದವೇ ಗೊತ್ತಿರಲಿಲ್ಲ. ಮೊದಲಿನ ಮಾಲೀಕರು ಅನುಭವಿಸಿದ ಪಿಕಪ್ಪಿಗೆ ಇವರು ಎಂಜಿನ್ನಿನ ಬೆಲೆ ಕಟ್ಟಿದರು.

ಬೇಡವೆನಿಸಿದರೆ ಹಳೆಯ ಫೈಲನ್ನೇ ವಾಪಸ್ ಹಾಕಿಕೊಡುತ್ತೇವೆ ಎಂಬ ಭರವಸೆಯನ್ನೂ ಪೂರ್ತಿ ನಂಬುವಂತಿಲ್ಲ. ಕೆಲವು ಇಸಿಯುಗಳಲ್ಲಿ ಸಾಕೆಟ್ ಮೂಲಕ ಒಳಗಿನ ತಂತ್ರಾಂಶವನ್ನು ಓದಲು ಆಗುವುದೇ ಇಲ್ಲ. ಆಗ ಉಪಕರಣವು ಬರೀ ತಂತ್ರಾಂಶದ ಸಂಖ್ಯೆಯನ್ನು ನೋಡಿ ಎಲ್ಲಿಯದೋ ಸರ್ವರ್‌ನಿಂದ ಅದೇ ಸಂಖ್ಯೆಯ ಫೈಲನ್ನು ತಂದುಕೊಡುತ್ತದೆ, ಅದನ್ನೇ ನಿಮ್ಮ ಕಾರಿನ ಮೂಲ ಫೈಲ್ ಎಂದು ಇಟ್ಟುಕೊಳ್ಳುತ್ತಾರೆ. ಬರೆಯುತ್ತಿರುವಾಗ ಬ್ಯಾಟರಿಯ ವೋಲ್ಟೇಜ್ ಕುಸಿದರೆ ಇಸಿಯುವೇ ಸತ್ತುಹೋಗುವ ಸಂಭವವೂ ಇದೆ. ವಾರಂಟಿ ಹೋಗುತ್ತದೆಂಬುದು ಬಹಳ ಜನರಿಗೆ ಗೊತ್ತು; ಮಾರ್ಪಾಡನ್ನು ತಿಳಿಸದಿದ್ದರೆ ವಿಮಾ ಕಂಪನಿ ಕ್ಲೇಮಿಗೆ ತಕರಾರು ಎತ್ತಬಹುದೆಂಬುದು ಅಷ್ಟಾಗಿ ಗೊತ್ತಿಲ್ಲ.

ಇದು ಮಾಲೀಕರ ದುಡ್ಡು, ಮಾಲೀಕರ ಎಂಜಿನ್ ಎಂದು ಸುಮ್ಮನಿರಬಹುದಿತ್ತು, ಡಿಪಿಎಫ್ ವಿಷಯ ಇಲ್ಲದಿದ್ದರೆ. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್6 ಮಾಲಿನ್ಯ ನಿಯಮದ ಡೀಸೆಲ್ ಕಾರುಗಳಲ್ಲಿ ಮಸಿಯನ್ನು ಹಿಡಿದಿಡುವ ಈ ಫಿಲ್ಟರ್ ಇರುತ್ತದೆ. ಸೇರಿದ ಮಸಿಯನ್ನು ಅದು ಸುಮಾರು 600 ಡಿಗ್ರಿ ಬಿಸಿಯಲ್ಲಿ ಆಗಾಗ ಸುಟ್ಟುಕೊಳ್ಳಬೇಕು. ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ತೆವಳುವ ಕಾರಿಗೆ ಅಷ್ಟು ಬಿಸಿ ಒದಗುವುದು ಕಷ್ಟ, ಫಿಲ್ಟರ್ ಕಟ್ಟಿಕೊಂಡು ಲೈಟ್ ಹತ್ತುತ್ತದೆ. ಹೆದ್ದಾರಿಯಲ್ಲಿ ಸ್ವಲ್ಪ ಹೊತ್ತು ಒಂದೇ ವೇಗದಲ್ಲಿ ಓಡಿಸಿದರೆ ಸಾಮಾನ್ಯವಾಗಿ ಸರಿಹೋಗುವ ಈ ತೊಂದರೆಗೆ, ಫಿಲ್ಟರನ್ನೇ ಕಿತ್ತೊಗೆದು ಅದು ಇದೆಯೆಂದು ಇಸಿಯುವನ್ನು ನಂಬಿಸುವ ಪರಿಹಾರವನ್ನು ಮಾರಲಾಗುತ್ತಿದೆ. ನೈಟ್ರೋಜನ್ ಆಕ್ಸೈಡ್‌ಗಳನ್ನು ತಗ್ಗಿಸುವ ಇಜಿಆರ್ ವಾಲ್ವನ್ನೂ ಹೀಗೆಯೇ ಮುಚ್ಚುತ್ತಾರೆ. ಆ ಮಸಿ, ಆ ಅನಿಲ ಹೋಗುವುದು ಹಿಂದೆ ಸ್ಕೂಟರಿನಲ್ಲಿ ಬರುತ್ತಿರುವವರ ಶ್ವಾಸಕೋಶಕ್ಕೆ.

ನಮ್ಮ ಎಮಿಷನ್ ಟೆಸ್ಟ್ ಕೇಂದ್ರಗಳಲ್ಲಿ ಡೀಸೆಲ್ ಕಾರನ್ನು ನಿಲ್ಲಿಸಿ, ಆಕ್ಸಿಲರೇಟರ್ ಒತ್ತಿ, ಹೊಗೆಯ ಸಾಂದ್ರತೆಯನ್ನು ನೋಡುತ್ತಾರೆ. ನೈಟ್ರೋಜನ್ ಆಕ್ಸೈಡ್ ಅನ್ನು ಅಳೆಯುವುದೇ ಇಲ್ಲ. ರಸ್ತೆಗಿಳಿಸದೆ ಮಾಡುವ ಪರೀಕ್ಷೆ ಎಷ್ಟು ಸುಲಭವಾಗಿ ಮೋಸಹೋಗುತ್ತದೆಂಬುದಕ್ಕೆ ಫೋಕ್ಸ್‌ವ್ಯಾಗನ್ ಪ್ರಕರಣ ಸಾಕು: ಪರೀಕ್ಷೆ ನಡೆಯುತ್ತಿದೆಯೆಂದು ಗುರುತಿಸಿ ಆಗ ಮಾತ್ರ ಶುದ್ಧವಾಗಿ ಓಡುವ ತಂತ್ರಾಂಶವನ್ನು ಸ್ವತಃ ತಯಾರಕರೇ ಇಟ್ಟಿದ್ದುದು 2015ರ ಸೆಪ್ಟೆಂಬರಿನಲ್ಲಿ ಅಮೆರಿಕದಲ್ಲಿ ಬಯಲಾಯಿತು. ಭಾರತದಲ್ಲೂ 3 ಲಕ್ಷಕ್ಕೂ ಹೆಚ್ಚು ಕಾರುಗಳನ್ನು ಹಿಂದಕ್ಕೆ ಕರೆಯುವುದಾಗಿ ಕಂಪನಿ ಹೇಳಿತು, ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರ ಮಾರ್ಚ್‌ನಲ್ಲಿ 500 ಕೋಟಿ ರೂಪಾಯಿ ದಂಡ ವಿಧಿಸಿತು, ವಿಷಯ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ದೊಡ್ಡ ಕಂಪನಿ ಮಾಡಿದರೆ ಇಷ್ಟು ಗದ್ದಲ. ಗಲ್ಲಿಯ ಅಂಗಡಿ ಮಾಡಿದರೆ ಕೇಳುವವರಿಲ್ಲ.

ಕಾನೂನಿನ ಕೊರತೆ ಇದೆಯೆಂದು ನಾನು ಹೇಳುವುದಿಲ್ಲ. ತಯಾರಕರು ಮೂಲತಃ ನಮೂದಿಸಿದ ವಿವರಗಳಿಗೂ ಆರ್‌ಸಿಯಲ್ಲಿನ ವಿವರಗಳಿಗೂ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸಬಾರದೆಂದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಕಟ್ಟುನಿಟ್ಟಾಗಿ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಅಕ್ರಮ ಮಾರ್ಪಾಡಿಗೆ ಮಾಲೀಕರಿಗೆ ಆರು ತಿಂಗಳವರೆಗೆ ಜೈಲು, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು. ಆದರೆ ಬೈಕುಗಳ ಕರ್ಕಶ ಸೈಲೆನ್ಸರ್‌ಗಳನ್ನು ಕಿತ್ತು ರೋಡ್ ರೋಲರ್ ಹತ್ತಿಸುವಷ್ಟು ಸುಲಭವಲ್ಲ ಇದು (ಆ ದೃಶ್ಯ ಟಿ.ವಿ.ಗೂ ಚೆನ್ನಾಗಿ ಒಪ್ಪುತ್ತದೆ), ತಂತ್ರಾಂಶ ಕಣ್ಣಿಗೂ ಕಿವಿಗೂ ಸಿಗುವುದಿಲ್ಲ.

ಅದನ್ನು ಹಿಡಿಯುವ ದಾರಿ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಈಗಾಗಲೇ ಇದೆ. 2021ರ ಜುಲೈನಿಂದ ಅಲ್ಲಿನ ಹೊಗೆ ತಪಾಸಣೆಯಲ್ಲಿ ಸ್ಟಿಯರಿಂಗ್ ಕೆಳಗಿನ ಅದೇ ಸಾಕೆಟ್ (ಓಬಿಡಿ) ಮೂಲಕ ಇಸಿಯುವಿನ ತಂತ್ರಾಂಶದ ಗುರುತನ್ನು ಓದಿ, ತಯಾರಕರದೋ ಸರ್ಕಾರ ಒಪ್ಪಿದ ಮಾರ್ಪಾಡೋ ಅಲ್ಲದಿದ್ದರೆ ಫೇಲ್ ಮಾಡುತ್ತಾರೆ. ಮೂಲ ತಂತ್ರಾಂಶ ಹಾಕಿಸಿಕೊಂಡು ಬಂದರಷ್ಟೇ ಪಾಸು. ಒಪ್ಪಿಗೆ ಪಡೆದ ಟ್ಯೂನಿಂಗಿಗೂ ಅಲ್ಲಿ ಜಾಗವಿರುವುದು ನ್ಯಾಯವೇ, ಏಕೆಂದರೆ ಈ ಕೆಲಸ ಮಾಡುವವರೆಲ್ಲ ಅಡ್ಡದಾರಿಯವರೇನಲ್ಲ. ಕಾರಿನ ಮಿತಿಯನ್ನು ಅಳೆದು, ಆಗದೆಂದು ಗಿರಾಕಿಯನ್ನು ವಾಪಸ್ ಕಳಿಸುವವರನ್ನೂ ಬಲ್ಲೆ.

ಮೊದಲ ಹೆಜ್ಜೆಯಾಗಿ ಬಿಎಸ್6 ಕಾರುಗಳಿಗಾದರೂ ಎಮಿಷನ್ ಟೆಸ್ಟ್ ವೇಳೆ ಈ ಗುರುತನ್ನು ಓದಿ ದಾಖಲಿಸುವ ವ್ಯವಸ್ಥೆಯನ್ನು ಸಾರಿಗೆ ಇಲಾಖೆ ಕೇಂದ್ರ ಸರ್ಕಾರದ ಜೊತೆ ಮಾತಾಡಿ ತರಬೇಕು, ಹೋಲಿಕೆಗೆ ಬೇಕಾದ ಪಟ್ಟಿಯನ್ನು ತಯಾರಕರಿಂದ ಪಡೆಯಬೇಕು. ಮಾಲೀಕತ್ವ ವರ್ಗಾವಣೆಗೆ ಬರುವ ಕಾರುಗಳಿಗೂ ಇದನ್ನು ಕಡ್ಡಾಯ ಮಾಡಿ, ಫಲಿತಾಂಶವನ್ನು ಕೊಳ್ಳುವವರ ಕೈಗೆ ಹಣ ಕೊಡುವ ಮೊದಲೇ ಸಿಗುವಂತೆ ಮಾಡಬೇಕೆಂದು ಕೋರುತ್ತೇನೆ.

— ಒಬ್ಬ ಗ್ಯಾರೇಜ್ ಮಾಲೀಕ, ಹಾಸನ