‘ಹುಡುಗರು ಕಲಿಯುವುದಿಲ್ಲ’ ಅನ್ನುವ ಮುನ್ನ

ಮಾನ್ಯ ಸಂಪಾದಕರೇ,

ಮುಂಬಯಿಯ ಉಡುಪಿ ಹೋಟೆಲುಗಳಲ್ಲಿ ಆರ್ಡರ್ ಚೀಟಿಯ ಜಾಗಕ್ಕೆ ಟ್ಯಾಬ್ ಬಂದಲ್ಲೆಲ್ಲ ಗಲ್ಲಾದ ಬಳಿ ವೇಟರುಗಳ ಬಗ್ಗೆ ಕೇಳುವ ಮಾತು, ‘ಹುಡುಗರು ಕಲಿಯುವುದಿಲ್ಲ.’ ಉದ್ಯೋಗ ಮನೋವಿಜ್ಞಾನ ಕಲಿಸುವ ನಮಗೆ ಇದು ಒಪ್ಪಿಗೆಯಿಲ್ಲ. ಈ ವಿಷಯ ಓದುವ ನಮ್ಮ ಮಕ್ಕಳು ಪ್ರೊಜೆಕ್ಟಿಗೆಂದು ಗೆಳೆಯರಿಗೆ ಗೂಗಲ್ ಫಾರ್ಮ್ ಹಂಚುವುದನ್ನು ಬಿಟ್ಟು, ಮಾಲಕರನ್ನೂ ಕೆಲಸಗಾರರನ್ನೂ ಕೇಳಿಕೊಂಡು, ಮಧ್ಯಾಹ್ನ 12ರಿಂದ 3ರವರೆಗೆ ಹೋಟೆಲಿನ ಮೂಲೆಯಲ್ಲಿ ಮೂರು ದಿನ ನಿಲ್ಲಲಿ.

ಗಿರಾಕಿ ಹೇಳಿ ಎಷ್ಟು ಸೆಕೆಂಡಿಗೆ ಅಡುಗೆಮನೆಯಲ್ಲಿ ಕೆಒಟಿ (ಅಡುಗೆಯವರಿಗೆ ಹೋಗುವ ಆರ್ಡರ್ ಚೀಟಿ) ಬಿತ್ತು, ಒಂದು ಆರ್ಡರಿಗೆ ಎಷ್ಟು ಸಲ ಒತ್ತಬೇಕಾಯಿತು, ಎಷ್ಟು ಕೆಒಟಿ ರದ್ದಾದವು ಎಂದು ಬರೆದುಕೊಳ್ಳಬೇಕು. ವೇಟರ್ ಮೊದಲು ಚೀಟಿಯಲ್ಲಿ ಗೀಚಿಕೊಂಡು ಆಮೇಲೆ ಟ್ಯಾಬಿಗೆ ತುಂಬುತ್ತಿದ್ದರೆ ಅದನ್ನು ಬಿಡಬಾರದು. ಯಂತ್ರ ಅವನ ಕೆಲಸದ ಓಟಕ್ಕೆ ಹೊಂದುತ್ತಿಲ್ಲ ಎಂಬುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಡ. ‘ಮಸಾಲೆ ದೋಸೆ ಈರುಳ್ಳಿ ಇಲ್ಲದೆ, ಸಾಂಬಾರ್ ಬೇರೆ’ ಎಂದು ಹಾಕಲು ಮೂರು ಪರದೆ ದಾಟಬೇಕಾದರೆ ನೂಕುನುಗ್ಗಲಿನಲ್ಲಿ ಯಾರು ದಾಟುತ್ತಾರೆ? ಒದ್ದೆ ಬೆರಳನ್ನು ಪರದೆ ಸರಿಯಾಗಿ ಗುರುತಿಸುವುದಿಲ್ಲ. ವೈಫೈ ಕೈಕೊಟ್ಟಾಗ ಆರ್ಡರ್ ಹೋಯಿತೋ ಇಲ್ಲವೋ ತಿಳಿಯದೆ ಇನ್ನೊಮ್ಮೆ ಒತ್ತುತ್ತಾನೆ; ಒಂದು ದೋಸೆ ಎರಡಾಗುತ್ತದೆ. ಟ್ಯಾಬಿನ ಸಮಯ ನೋಡಿ ಬೈಯುವ ಕಡೆಗಳಲ್ಲಂತೂ ಬಡಿಸುವ ಮೊದಲೇ ‘ಬಡಿಸಿದೆ’ ಎಂದು ಒತ್ತಿಬಿಡುತ್ತಾರೆ. ಆಮೇಲೆ ಆ ಲೆಕ್ಕ ಯಾವುದಕ್ಕೂ ಬಾರದು.

ಪ್ರಶ್ನಾವಳಿ ಇದಾದ ಮೇಲೆ. ಜಾನ್ ಬ್ರೂಕ್ 1986ರಲ್ಲಿ ರೂಪಿಸಿದ , ಯಂತ್ರ ಬಳಸಲು ಎಷ್ಟು ಸುಲಭ ಎಂದು ಅಳೆಯುವ ‘ಸಿಸ್ಟಮ್ ಯೂಸಬಿಲಿಟಿ ಸ್ಕೇಲ್’ ಸಾಕು: 10 ವಾಕ್ಯ, ಪ್ರತಿಯೊಂದಕ್ಕೂ 1ರಿಂದ 5 ಅಂಕ. ಬೆಸ ಸಂಖ್ಯೆಯ ವಾಕ್ಯಗಳ ಅಂಕದಿಂದ 1 ಕಳೆಯಬೇಕು, ಸಮ ಸಂಖ್ಯೆಯವನ್ನು 5ರಿಂದ ಕಳೆಯಬೇಕು, ಕೂಡಿ 2.5ರಿಂದ ಗುಣಿಸಬೇಕು. ಬಂದ ಅಂಕವನ್ನು ಶೇಕಡಾ ಎಂದು ಓದಬಾರದು. 68ರ ಆಸುಪಾಸು ಸರಾಸರಿ. ಸಮ ಸಂಖ್ಯೆಯವು ದೂರಿನ ವಾಕ್ಯಗಳು. ಕನ್ನಡಕ್ಕೆ ತರುವಾಗ ಅವುಗಳಲ್ಲಿ ‘ಇಲ್ಲ’ ಬಂದರೆ, ‘ಒಪ್ಪುವುದಿಲ್ಲ’ ಎಂಬುದೂ ಸೇರಿ ಉತ್ತರ ತಲೆಕೆಳಗಾಗುತ್ತದೆ. ‘ಇದನ್ನು ಬಳಸುವುದು ತೊಡಕು’ ಎಂದು ನೇರವಾಗಿ ಬರೆಯಿರಿ. ಹೆಸರು ಬರೆಸಬೇಡಿ, ಮಾಲಕರ ಎದುರು ಕೇಳಲೇಬೇಡಿ.

ಅಹ್ಮದಾಬಾದಿನ ಕ್ಯಾಲಿಕೊ ಮಿಲ್ಲಿನಲ್ಲಿ ಸ್ವಯಂಚಾಲಿತ ಮಗ್ಗ ಬಂದರೂ ಉತ್ಪಾದನೆ ಏರಿರಲಿಲ್ಲ. ಕೆಲಸವನ್ನು ಚೂರುಚೂರಾಗಿ ಹಂಚಿದ್ದೇ ಕಾರಣವೆಂದು ಲಂಡನ್ನಿನ ಟ್ಯಾವಿಸ್ಟಾಕ್ ಸಂಸ್ಥೆಯ ಸಂಶೋಧಕ ಎ. ಕೆ. ರೈಸ್ ಕಂಡುಕೊಂಡರು. 1953ರಲ್ಲಿ ಸಣ್ಣ ಸಣ್ಣ ಗುಂಪುಗಳು ಒಂದಷ್ಟು ಮಗ್ಗಗಳ ಪೂರ್ತಿ ಹೊಣೆ ಹೊತ್ತವು. ಉತ್ಪಾದನೆ ಏರಿತು, ಹಾಳಾಗುವ ಬಟ್ಟೆ ಇಳಿಯಿತು. ಮಗ್ಗ ಅದೇ ಇತ್ತು, ಬದಲಾದದ್ದು ಕೆಲಸ ಹಂಚಿದ ರೀತಿ.

ಮಾಲಕರಲ್ಲಿ ನಮ್ಮ ಕೋರಿಕೆ: ಟ್ಯಾಬ್ ಕೊಳ್ಳುವ ಮೊದಲು ಐವರು ವೇಟರುಗಳಿಂದ ತಲಾ 20 ಆರ್ಡರ್ ಹಾಕಿಸಿ ನೋಡಿ. ತಿಂಡಿಯ ಹೆಸರು ಕನ್ನಡ, ಹಿಂದಿಯಲ್ಲೂ ಇರಲಿ. ಹೆಚ್ಚು ಹೋಗುವ 12 ತಿಂಡಿ ಮೊದಲ ಪರದೆಯಲ್ಲೇ ಸಿಗಲಿ. ಕೆಒಟಿ ಬಿದ್ದದ್ದು ಟ್ಯಾಬಿನಲ್ಲಿ ಕಾಣಲಿ. ಗಿರಾಕಿ ಇಳಿದ ಮೂರೂವರೆಗೆ ದಿನಕ್ಕೆ 20 ನಿಮಿಷ ಕಲಿಸಿ. ಮೊದಲ ಎರಡು ವಾರ ಹಳೆಯ ಚೀಟಿ ಪುಸ್ತಕ ಗಲ್ಲಾದಲ್ಲಿ ಇರಲಿ.

– ಉದ್ಯೋಗ ಮನೋವಿಜ್ಞಾನದ ಅಧ್ಯಾಪಕರು, ಮಾಟುಂಗಾ, ಮುಂಬಯಿ