ನಾಯಿ ಬರೋ ಮುಂಚೆನೇ ಅದರ ಸ್ವಭಾವ ಗೊತ್ತಾಗಿದ್ದು ಹೇಗೆ?

ಮಾನ್ಯ ಸಂಪಾದಕರೇ,

ನಾನು ಒಂದೂವರೆ ವರ್ಷ ಒಂದು ಪ್ರಾಣಿ ಶೆಲ್ಟರ್‌ನಲ್ಲಿ ವಾಲಂಟಿಯರ್ ಆಗಿದ್ದೆ. ವಾರಕ್ಕೆ ಮೂರು ದಿನ ಹೋಗಿ ನಾಯಿಗಳನ್ನ ವಾಕಿಂಗ್ ಕರ್ಕೊಂಡು ಹೋಗೋದು, ಕೇಜ್ ತೊಳೆಯೋದು, ಅಷ್ಟೇ ಕೆಲಸ. ರೆಕಾರ್ಡ್ ಮುಟ್ಟೋ ಹಕ್ಕು ನಮಗೇನೂ ಇರ್ಲಿಲ್ಲ, ಆದ್ರೆ ಒಂದಿನ ಕೇಜಿನ ಬಾಗಿಲಿಗೆ ಸಿಗಿಸಿದ್ದ ಕಾರ್ಡ್ ಕೆಳಗೆ ಬಿತ್ತು, ಎತ್ತಿಡ್ತಾ ಕಣ್ಣಾಡಿಸಿದೆ. "ಅಗ್ರೆಸಿವ್, ಅಡಾಪ್ಷನ್‌ಗೆ ಬೇಡ" ಅಂತ ಕೆಂಪು ಇಂಕಲ್ಲಿ ಬರೆದಿತ್ತು. ಎರಡು ತಿಂಗಳಿಂದ ನನ್ನ ಜೊತೆ ಓಡಾಡ್ತಿದ್ದ ನಾಯಿ ಅದು, ಬೆಲ್ಟ್ ಹಾಕೋವಾಗ ತಾನೇ ಕತ್ತು ಕೊಡ್ತಿತ್ತು. ಇನ್ನೊಂದು ಸಲ ಓದಿದಾಗ ಕಂಡಿದ್ದು ತಾರೀಖು. ನಾಯಿ ಶೆಲ್ಟರಿಗೆ ಬಂದಿದ್ದು 12ಕ್ಕೆ, ಸ್ವಭಾವದ ಟೆಸ್ಟ್ ಮಾಡಿದ್ದು 11ಕ್ಕೆ.

ಪೆನ್ನು ಜಾರಿರಬಹುದು ಅಂದ್ಕೊಂಡೆ. ಆದ್ರೆ ಒಂದು ಸಲ ಕಣ್ಣಿಗೆ ಬಿದ್ಮೇಲೆ ಸುಮ್ನಿರೋಕಾಗಲ್ಲ ನೋಡಿ, ಆಮೇಲೆ ಹೋದಾಗೆಲ್ಲ ಬಾಗಿಲ ಮೇಲಿನ ಕಾರ್ಡ್ ಓದೋಕೆ ಶುರು ಮಾಡ್ದೆ. ಒಂದೇ ನಾಯಿ ಒಂದು ಹಾಳೆಲಿ ಗಂಡು ಇನ್ನೊಂದರಲ್ಲಿ ಹೆಣ್ಣು, ಮೂರು ವರ್ಷ ಅಂತ ಬಂದಿದ್ದು ಮುಂದಿನ ತಿಂಗಳು ಎಂಟು ವರ್ಷ. ಏಳು ಕಾರ್ಡಲ್ಲಿ "ಊಟದ ಬಟಲ್ಲು ಮುಟ್ಟಿದರೆ ಗುರ್ ಅನ್ನುತ್ತದೆ" ಅನ್ನೋ ಒಂದೇ ಸಾಲು, ಬಟ್ಟಲು ಅನ್ನೋದು ಏಳರಲ್ಲೂ ಬಟಲ್ಲು! ಏಳು ನಾಯಿಗಳು ಒಂದೇ ಥರ ಗುರ್ ಅಂದಿರಬಹುದು ಬಿಡಿ, ಕಾಗುಣಿತನೂ ಒಂದೇ ಥರ ತಪ್ಪಬೇಕಾ? ಟೆಸ್ಟ್ ಮಾಡಿದವರ ಸಹಿ ಮಾತ್ರ ಒಂದರಲ್ಲೂ ಇಲ್ಲ.

ಈ ಟೆಸ್ಟ್ ಹೇಗಿರುತ್ತೆ ಅಂತ ಹೊರಗಿನವರಿಗೆ ಗೊತ್ತಿರಲ್ಲ ಅದಕ್ಕೆ ಹೇಳ್ತೀನಿ. ನಾಯಿನ ಒಂದು ರೂಮಿಗೆ ಕರ್ಕೊಂಡು ಹೋಗಿ ದಿಟ್ಟಿಸಿ ನೋಡ್ತಾರೆ, ಮೈ ಒತ್ತಿ ನೋಡ್ತಾರೆ, ಪಾದ ಹಿಂಡ್ತಾರೆ, ಊಟ ಇಟ್ಟು ಅದು ತಿಂತಿರೋವಾಗ ಕೋಲಿನ ತುದಿಗೆ ಕಟ್ಟಿರೋ ಪ್ಲಾಸ್ಟಿಕ್ ಕೈಯಿಂದ ಬಟ್ಟಲನ್ನ ಎಳೀತಾರೆ, ಕೊನೆಗೆ ಇನ್ನೊಂದು ನಾಯಿನ ಎದುರಿಗೆ ತಂದು ನಿಲ್ಲಿಸ್ತಾರೆ. ಎಲ್ಲಾ ಸೇರಿ ಹತ್ತು ಹದಿನೈದು ನಿಮಿಷ. ಮನೆ ಕಳ್ಕೊಂಡು, ಸುತ್ತ ಐವತ್ತು ನಾಯಿ ಬೊಗಳೋ ಜಾಗಕ್ಕೆ ಬಂದು ಬಿದ್ದು, ರಾತ್ರಿಯೆಲ್ಲ ನಿದ್ದೆ ಇಲ್ಲದ ಪ್ರಾಣಿ ಅದು. ಶೆಲ್ಟರಿಗೆ ಬಂದ ಮೊದಲ ಮೂರು ದಿನ ನಾಯಿಗಳ ರಕ್ತದಲ್ಲಿ ಕಾರ್ಟಿಸಾಲ್, ಅಂದ್ರೆ ಒತ್ತಡದ ಹಾರ್ಮೋನು, ಜಾಸ್ತಿನೇ ಇರುತ್ತೆ ಅಂತ 1997ರಷ್ಟು ಹಿಂದೆನೇ ಅಳೆದು ತೋರಿಸಿದ್ದಾರೆ. ಆ ಮೂರು ದಿನದ ಒಳಗೇ ಟೆಸ್ಟ್ ಮಾಡಿ ಮುಗಿಸಿದ್ರೆ ನಾಯಿ ಸ್ವಭಾವ ಅಳೆದಂಗಾಯ್ತಾ, ಅದರ ಭಯ ಅಳೆದಂಗಾಯ್ತಾ?

ಇದು ನನ್ನೊಬ್ಬನ ತಕರಾರಲ್ಲ. 2016ರಲ್ಲಿ ಗ್ಯಾರಿ ಪ್ಯಾಟ್ರೊನೆಕ್, ಜಾನಿಸ್ ಬ್ರಾಡ್ಲಿ ಅನ್ನೋ ಇಬ್ಬರು ಶೆಲ್ಟರ್ ಟೆಸ್ಟ್‌ಗಳ ಲೆಕ್ಕ ಹಾಕಿ, ಇದು ನಾಣ್ಯ ಚಿಮ್ಮಿ ನೋಡೋದಕ್ಕಿಂತ ಮೇಲಲ್ಲ ಅಂತ ಪೇಪರ್ ಬರೆದ್ರು. ಅವರ ಲಾಜಿಕ್ ಸುಲಭ. ಉದಾಹರಣೆಗೆ ನೂರು ನಾಯಿಲಿ ನಿಜವಾಗ್ಲೂ ಅಪಾಯಕಾರಿ ಹತ್ತು ಅಂತ ಇಟ್ಕೊಳಿ, ಟೆಸ್ಟು ನೂರಕ್ಕೆ ಎಂಬತ್ತು ಸಲ ಸರಿ ಹೇಳುತ್ತೆ ಅಂತಾನೂ ಇಟ್ಕೊಳಿ. ಆ ಹತ್ತರಲ್ಲಿ ಎಂಟು ಸಿಕ್ಕಿಬೀಳುತ್ತೆ, ಸರಿ. ಉಳಿದ ತೊಂಬತ್ತು ಪಾಪದ ನಾಯಿಗಳಲ್ಲಿ ಹದಿನೆಂಟಕ್ಕೆ ಸುಮ್ಸುಮ್ನೆ ಕೆಂಪು ಇಂಕು. ಅಂದ್ರೆ ಫೇಲ್ ಆದ 26ರಲ್ಲಿ 18 ತಪ್ಪು! ಊಟದ ಬಟ್ಟಲ ವಿಷಯಕ್ಕೆ ಬಂದ್ರೆ, ಒಂಬತ್ತು ಶೆಲ್ಟರ್‌ಗಳು ಆ ಭಾಗವನ್ನೇ ಬಿಟ್ಟು ನೋಡಿದ್ವು, ಕಚ್ಚೋ ಕೇಸು ಹೆಚ್ಚಾಗಿಲ್ಲ ಅಂತ 2018ರಲ್ಲಿ ವರದಿ ಬಂತು. ನಮ್ಮಲ್ಲಿ ಆ ಪ್ಲಾಸ್ಟಿಕ್ ಕೈ ಇನ್ನೂ ಗೋಡೆಗೆ ನೇತಾಡ್ತಿದೆ.

ಹಾಗಂತ ಎಲ್ಲಾ ನಾಯಿನೂ ಒಳ್ಳೇದೇ ಅಂತ ನಾನು ಹೇಳಕ್ಕೆ ಬಂದಿಲ್ಲ. ಅದೇ ಶೆಲ್ಟರ್‌ನಲ್ಲಿ ಉಲ್ಟಾನೂ ನಡೀತು. ನೋಡೋಕೆ ಚೆಂದ ಇದ್ದ ಒಂದು ನಾಯಿ ಕೇಜ್ ಕ್ಲೀನ್ ಮಾಡೋ ಹುಡುಗನ ಕೈ ಕಚ್ತು, ಹಲ್ಲು ಇಳಿದು ರಕ್ತ ಬಂತು, ನಾನೇ ಬಟ್ಟೆ ಸುತ್ತಿದ್ದೀನಿ. ಕಾರ್ಡಲ್ಲಿ ಬಂದಿದ್ದು "ಆಟ ಆಡ್ತಾ ಬಾಯಿ ಹಾಕುತ್ತೆ". ಕಚ್ಚಿದ ನಾಯಿನ ರೇಬೀಸ್ ಸಲುವಾಗಿ ಹತ್ತು ದಿನ ಪ್ರತ್ಯೇಕ ಇಟ್ಟು ಗಮನಿಸಬೇಕು ಅನ್ನೋದು ಯಾರಿಗೂ ಗೊತ್ತಿಲ್ಲದ ವಿಷಯ ಏನಲ್ಲ, ಆದ್ರೆ ಕಚ್ಚೇ ಇಲ್ಲ ಅಂದ್ಮೇಲೆ ಹತ್ತು ದಿನ ಎಲ್ಲಿಂದ ಬರಬೇಕು? ಆರನೇ ದಿನ ಚಿಕ್ಕ ಮಗು ಇರೋ ಮನೆಗೆ ಕೊಟ್ರು, ನಾಲ್ಕು ದಿನಕ್ಕೆ ವಾಪಸ್ ಬಂತು. ವಾಪಸ್ ಯಾಕೆ ಬಂತು ಅನ್ನೋ ಕಾಲಂ ಖಾಲಿ. ಕಚ್ಚೋದನ್ನ ಬರೆಯೋಕೆ ಇಯಾನ್ ಡನ್‌ಬಾರ್ ಅನ್ನೋ ಪಶುವೈದ್ಯರು ಆರು ಹಂತದ ಸ್ಕೇಲ್ ಮಾಡಿಟ್ಟಿದ್ದಾರೆ: ಹಲ್ಲು ತಾಗದೆ ಬರೀ ಹೆದರಿಸಿದ್ರೆ ಒಂದು, ತಾಗಿ ತೂತು ಬೀಳದಿದ್ರೆ ಎರಡು, ಹೀಗೆ ಸಾವಿನ ತನಕ. ಇಷ್ಟು ಸ್ಪಷ್ಟವಾಗಿ ಬರೆಯೋ ದಾರಿ ಇರೋವಾಗ "ಅಗ್ರೆಸಿವ್", "ಫ್ರೆಂಡ್ಲಿ" ಅನ್ನೋ ಒಂದೊಂದು ಪದದಲ್ಲಿ ಎಲ್ಲಾ ಮುಚ್ಚಿಹಾಕೋದು ಯಾಕೆ ಅಂತ.

ಮ್ಯಾನೇಜರ್ ಹತ್ರ ಕೇಳಿದ್ರೆ "ಜನ ಕಮ್ಮಿ ಇದ್ದಾರೆ, ನಾಯಿ ಜಾಸ್ತಿ ಇದೆ" ಅಂತಾರೆ. ಸುಳ್ಳಲ್ಲ, ಆ ಹುಡುಗರ ಕಷ್ಟ ನಾನೂ ನೋಡಿದ್ದೀನಿ. ಆದ್ರೆ "ಬೆಳಿಗ್ಗೆ ಹತ್ತಕ್ಕೆ ಟೋಪಿ ಹಾಕಿದ್ದ ಗಂಡಸು ಹತ್ರ ಬಂದಾಗ ಹಿಂದೆ ಸರಿದು ಗುರ್ ಅಂತು, ಟೋಪಿ ತೆಗೆದ ಮೇಲೆ ಬಾಲ ಆಡಿಸ್ತು" ಅಂತ ಬರೆಯೋಕೆ ಎಷ್ಟು ಹೊತ್ತು ಬೇಕು? ಕೆಳಗೆ ಒಂದು ಸಹಿ ಹಾಕೋಕೆ? ತಪ್ಪಾದ್ರೆ ವೈಟ್ನರ್ ಬಳಿಯೋ ಬದಲು ಒಂದು ಗೆರೆ ಎಳೆದು ಪಕ್ಕದಲ್ಲಿ ತಾರೀಖು ಹಾಕಿ ಅಂದೆ. ದಿನಾ ವಾಕಿಂಗ್ ಮಾಡಿಸೋರು ಕಂಡಿದ್ದನ್ನೂ ಅದೇ ಕಾರ್ಡಿಗೆ ಸೇರಿಸಿ, ಫೇಲ್ ಆದ ನಾಯಿನ ಒಂದು ವಾರ ಬಿಟ್ಟು ಬೇರೆಯವರ ಕೈಲಿ ಮತ್ತೆ ನೋಡಿಸಿ, ದಯಾಮರಣದ ಲಿಸ್ಟಿಗೆ ಹೆಸರು ಹಾಕೋ ಮುಂಚೆ ಇಷ್ಟಾದ್ರೂ ಮಾಡಿ ಅಂದೆ. ಕೇಳಿಸ್ಕೊಂಡ್ರು. ಮುಂದಿನ ವಾರದಿಂದ ಕಾರ್ಡುಗಳು ಬಾಗಿಲ ಮೇಲಿಂದ ಆಫೀಸಿನ ಬೀರುಗೆ ಹೋದ್ವು.

ನಾನು ಓಡಾಡಿಸ್ತಿದ್ದ ನಾಯಿ ಈಗ ಅಲ್ಲಿಲ್ಲ. ಎಲ್ಲಿ ಹೋಯ್ತು ಅಂತ ಕೇಳಿದ್ದಕ್ಕೆ ಒಬ್ಬರು ಟ್ರಾನ್ಸ್‌ಫರ್ ಆಯ್ತು ಅಂದ್ರು, ಇನ್ನೊಬ್ಬರು ಕಾಯಿಲೆ ಬಂದಿತ್ತು ಅಂದ್ರು. ಯಾವುದು ನಿಜ ಅಂತ ರಿಜಿಸ್ಟರ್ ತೋರಿಸಿ ಅಂತ ಎರಡು ಸಲ ಲಿಖಿತವಾಗಿ ಕೇಳಿದ್ದೀನಿ, ಉತ್ತರ ಬಂದಿಲ್ಲ. 11, 12 ಎರಡೂ ತಾರೀಖು ಇರೋ ಆ ಕಾರ್ಡಿನ ಫೋಟೋ ನನ್ನ ಫೋನಲ್ಲಿದೆ, ಯಾರಾದ್ರೂ ತಪಾಸಣೆ ಮಾಡ್ತೀವಿ ಅಂದ್ರೆ ಕೊಡ್ತೀನಿ.

ಇಂತಿ,
ಒಬ್ಬ ಮಾಜಿ ವಾಲಂಟಿಯರ್